ಇಪ್ಪತ್ತೈದಕ್ಕೆ ಇಪ್ಪತ್ತೈದು

ಹೊನ್ನಾಳಿ
೯ ಡಿಸೆಂಬರ್ ೨೦೨೪, ಸೋಮವಾರ

ಮಗಳು ಗಂಗೋತ್ರಿಗೆ ನಿನ್ನ ಅವ್ವ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ಜಗಳೂರಿನ ನಿಮ್ಮ ಮನೆಯಿಂದ ಬಂದು ಹದಿನೈದು ದಿನವಾಯಿತು. ಊರು ಮುಟ್ಟಿದೆ ಎಂದು ಹೇಳಿದ್ದು ಬಿಟ್ಟರೆ ನಾನು ಸರಿಯಾಗಿ ಮಾತೇ ಆಡಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಫೋನ್ ಇರುವಾಗ ಕಾಗದ ಯಾಕೆ ಎಂದು ನಗುತ್ತೀಯ. ಫೋನಿನಲ್ಲಿ ನಾನು ಹೆಂಗಿದೀಯವ್ವ ಅನ್ನುತ್ತೇನೆ, ನೀನು ಆರಾಮಿದೀನಿ ಅನ್ನುತ್ತೀಯ, ಅಲ್ಲಿಗೆ ಮುಗಿಯಿತು. ಇಷ್ಟು ಬರೆಯುವುದರೊಳಗೆ ಮೂರು ಸಲ ಎದ್ದಿದ್ದೇನೆ. ಒಮ್ಮೆ ಒಲೆ ಮೇಲಿನ ಹಾಲು ನೋಡಲು, ಎರಡು ಸಲ ಸುಮ್ಮನೆ.

ಮೆಡಿಕಲ್ ಕಾಲೇಜಿನ ಡಾಕ್ಟರೊಬ್ಬರು ನಮ್ಮಂಥ ಸಿಸ್ಟರುಗಳನ್ನು ಉಬ್ಬಸದ ಸರ್ವೆಗೆ ಹಾಕಿದ್ದು ನಿನಗೆ ಗೊತ್ತಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸುತ್ತಿ ನನ್ನ ಚಪ್ಪಲಿ ಸವೆಯಿತು. ಕೇಳುವುದು ಐದೇ ಪ್ರಶ್ನೆ. ನಾಲ್ಕು ವಾರದಲ್ಲಿ ಎಷ್ಟು ಸಲ ದಮ್ಮು ಹತ್ತಿತು, ನಿದ್ದೆ ಕೆಟ್ಟಿತಾ, ಕೆಲಸ ನಿಂತಿತಾ, ಇನ್ಹೇಲರ್ ಎಷ್ಟು ಸಲ ಎಳೆದಿರಿ, ಕಾಯಿಲೆ ಹತೋಟಿಯಲ್ಲಿದೆ ಅನಿಸುತ್ತದಾ. ಒಂದೊಂದಕ್ಕೆ ಐದು ಅಂಕ. ಇಪ್ಪತ್ತೈದು ಬಂದರೆ ಪೂರ್ತಿ ಹತೋಟಿ, ಇಪ್ಪತ್ತಕ್ಕಿಂತ ಕೆಳಗೆ ಇಳಿಯಿತೆಂದರೆ ಎಚ್ಚರ ಬೇಕು.

ಸವಳಂಗದ ಹಾಲೇಶಪ್ಪ ಎನ್ನುವ ಅಜ್ಜ ಮೂರು ವರ್ಷದ ಹಿಂದೆ ಖಾಲಿಯಾದ ಇನ್ಹೇಲರನ್ನೇ ದಿನಾ ಎಳೆಯುತ್ತಾನೆ. ಔಷಧಿ ಇಲ್ಲ ಕಣಪ್ಪ ಎಂದರೆ, ಎಳೆದರೆ ಧೈರ್ಯ ಬರ್ತೈತೆ ಅಂದ. ನಗು ಬಂತು, ಹೊಟ್ಟೆಯೂ ಉರಿಯಿತು. ಹೊಸದು ಕೊಡಿಸಿ ಬಂದೆ.

ಬಸವಾಪಟ್ಟಣದ ಅನಿತಾಳದೇ ಬೇರೆ ಕಥೆ. ಅಡಿಕೆ ಸುಲಿಯುವ ಮನೆಯ ಸೊಸೆ, ನಿನ್ನದೇ ವಯಸ್ಸು. ಅತ್ತೆ ಪಕ್ಕದಲ್ಲೇ ಕೂತಿದ್ದಳು. ಹುಡುಗಿ ಐದಕ್ಕೂ ಏನೂ ಇಲ್ಲ, ಆರಾಮ ಅಂದಳು. ಇಪ್ಪತ್ತೈದು ಬರೆದೆ, ಚಹಾ ಕುಡಿದೆ, ಎದ್ದೆ. ಹುಡುಗಿ ಕೊಡ ಹಿಡಿದುಕೊಂಡು ನಲ್ಲಿಯ ತನಕ ನನ್ನ ಹಿಂದೆಯೇ ಬಂದಳು.

"ಒಳಗೆ ಹೇಳಿದ್ದು ಅತ್ತೆಗೆ ರೀ, ನಿಮಗೆ ಹೇಳಾಕೆ ಬ್ಯಾರೆ ಐತೆ" ಅಂದಳು.

ನಲ್ಲಿಯ ಹತ್ತಿರ ಅದೇ ಐದು ಪ್ರಶ್ನೆಗೆ ಒಂಬತ್ತು ಬಂತು. ಯಾರು ಮುಚ್ಚಿಡು ಅಂದದ್ದು ಎಂದು ಕೇಳಿದರೆ, ನಮ್ಮವ್ವ ಅಂದಳು. ಎಂಥ ತಾಯಿ ಅವಳು ಎಂದುಬಿಟ್ಟೆ. ಆ ಮಾತು ಆಡಿದಾಗಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ಅಲ್ಲಿಂದ ನೇರ ನಿಮ್ಮಲ್ಲಿಗೇ ಬಂದದ್ದು. ನೀನು ಸೆರಗು ಬಾಯಿಗೆ ಕಟ್ಟಿಕೊಂಡು ನಿಮ್ಮ ಮನೆಯ ಹಿಟ್ಟಿನ ಗಿರಣಿಯಲ್ಲಿ ಯಾರದೋ ಮೆಣಸಿನಕಾಯಿ ಪುಡಿ ಮಾಡಿಕೊಡುತ್ತಿದ್ದೆ. ನಿಮ್ಮ ಅತ್ತೆ ನನ್ನ ಹಾಳೆ ನೋಡಿ, ಧೂಳಿನಲ್ಲಿ ಬದುಕುವವರು ನಾವು, ನಮ್ಮನ್ನೂ ಕೇಳಿ ಅಂದರು. ತಮಾಷೆಗೆ ಅವರನ್ನು ಕೇಳಿ, ಆಮೇಲೆ ನಿನ್ನನ್ನೂ ಕೇಳಿದೆ. ನಿನಗೆ ಇಪ್ಪತ್ತೈದಕ್ಕೆ ಇಪ್ಪತ್ತೈದು. ಶಾಲೆಯಲ್ಲಿ ಒಂದು ದಿನವೂ ಇಷ್ಟು ತಂದವಳಲ್ಲ ನೀನು.

ಆದರೆ "ಏನೂ ಇಲ್ಲವ್ವ" ಎನ್ನುವ ಎರಡು ಮಾತಿನ ನಡುವೆ ನೀನು ಉಸಿರಿಗೆ ನಿಂತೆ. ಗಂಟಲ ಕುಳಿ ಒಳಗೆ ಎಳೆಯುತ್ತಿತ್ತು. ಇಪ್ಪತ್ತಾರು ವರ್ಷ ಇದೇ ನೋಡಿಕೊಂಡು ಬಂದ ಕಣ್ಣು ನನ್ನದು. ನಮ್ಮ ಸೊಸೆದು ಶೀತದ ಮೈ ಅಷ್ಟೆ, ದಿನಾ ಕಷಾಯ ಕೊಡ್ತೀನಿ ಎಂದು ನಿಮ್ಮ ಅತ್ತೆ ನನಗೇ ಸಮಾಧಾನ ಹೇಳಿದರು. ಎಂಥ ಒಳ್ಳೆಯ ಹೆಂಗಸು. ನಾನು ತಲೆಯಾಡಿಸಿದೆ. ಆ ಹಾಳೆ ಇನ್ನೂ ನನ್ನ ಚೀಲದಲ್ಲೇ ಇದೆ.

ಅಳಿಯ ಸಿದ್ದಲಿಂಗೇಶನಿಗೂ ನಿನಗೂ ಒಳ್ಳೆಯದಾಗಲಿ. ಎದೆ ತುಂಬ ಉಸಿರಾಡಿಕೊಂಡು ನೂರು ಕಾಲ ಬಾಳು.

ನಿನ್ನ ಅವ್ವ,
ಸರ್ವಮಂಗಳ

ತಾ.ಕ.: ಅನಿತಾಳ ತಾಯಿಯನ್ನು ಬೈದೆನಲ್ಲ, ನಾನು ಮಾಡಿದ್ದೂ ಅದೇ. ನಿಶ್ಚಿತಾರ್ಥದ ಹಿಂದಿನ ದಿನ ಇನ್ಹೇಲರ್ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ನಿನ್ನ ಬಳೆ ಡಬ್ಬಿಯ ತಳದಲ್ಲಿ ಇಟ್ಟವಳು ನಾನು. ಕೇಳಿದರೆ ಶೀತದ ಮೈ ಅನ್ನು ಎಂದು ಕಲಿಸಿದ್ದೂ ನಾನೇ. "ದಿನಾ ಎಳೀಬ್ಯಾಡ, ಯಾರಾದ್ರೂ ನೋಡ್ತಾರೆ. ತೀರಾ ತಡಿಯಾಕೆ ಆಗದಾಗ ಅಷ್ಟೆ" ಅಂದೆ. ಊರಿಗೆಲ್ಲ ದಿನಾ ತಪ್ಪದೆ ಎಳೆಯಿರಿ ಎಂದು ಹೇಳುವ ಬಾಯಿಯಲ್ಲೇ.

ಲಕೋಟೆಯ ಮೇಲೆ ನಿನ್ನ ಹೆಸರು ಬರೆದಿಲ್ಲ, ನಿಮ್ಮ ಅತ್ತೆಯ ಹೆಸರು ಬರೆದಿದ್ದೇನೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ಅದಕ್ಕೇ ಕೇಳಲಿಲ್ಲ.

ಪ್ರೇಮಲತಾ ಬೀಗಿತ್ತಿಯವರೇ, ಇಲ್ಲಿಯತನಕ ಓದಿದ್ದೀರಿ. ಸುಳ್ಳು ನನ್ನದು, ಅವಳದಲ್ಲ. ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ, ಬೈಯುವುದನ್ನೆಲ್ಲ ನನಗೆ ಇಟ್ಟಿರಿ. ಈಗ ಮೊದಲು ಅವಳನ್ನು ಗಿರಣಿಯಿಂದ ಆಚೆ ಕರೆಯಿರಿ.