ನಡುವಿನ ಸಾಲಿನ ಉದ್ದ ಸೀಟು

ತಮ್ಮಾ ಸಮ್ಯಕ್,

ನಿನ್ನನ್ನು ಎಬ್ಬಿಸಲಿಲ್ಲ. ಬಾಡಿಗೆ ಗಾಡಿ ಬಂದಿದೆ, ನಿನ್ನ ಆಯಿಯನ್ನು ಡಯಾಲಿಸಿಸ್‌ಗೆ ವಿಜಯಪುರಕ್ಕೆ ಕರಕೊಂಡು ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ. ಆಡುಗಳಿಗೆ ನೀರಿಡು.

ಇವತ್ತು ಹೊಸ ಗಾಡಿ ಬುಕ್ ಮಾಡುವವನಿದ್ದೀ, ಅದಕ್ಕೇ ಬರೆದೆ. ನಿನ್ನ ಮನಸ್ಸಿಗೆ ಬಂದ ಕೆಂಪು ಗಾಡಿ ಚಲೋ ಇದೆ, ಮೂರನೇ ಸಾಲಿನಲ್ಲೂ ಕಾಲು ಚಾಚಬಹುದು. ಬಿಳಿಯದರಲ್ಲಿ ಹಿಂದೆ ಕೂತವರ ಮೊಣಕಾಲು ಎದೆಗೆ ಬರುತ್ತವೆ, ಅದೂ ಖರೆ. ಆದರೂ ಬಿಳಿಯದನ್ನೇ ಹೇಳಿ ಬಾ. ಅದರ ನಡುವಿನ ಸಾಲಿಗೆ ಒಂದೇ ಉದ್ದ ಸೀಟು. ಕೆಂಪು ಗಾಡಿಯಲ್ಲಿ ಎರಡು ಬಿಡಿ ಖುರ್ಚಿ. ವಾಪಸ್ ಬರುವಾಗ ಆಯಿಗೆ ಕೂರಲು ಆಗುವುದಿಲ್ಲ, ಬಬಲೇಶ್ವರ ಬರುವ ತನಕ ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಾಳೆ. ಶೋರೂಮಿನಲ್ಲಿ ಆ ಖುರ್ಚಿಗಳ ನಡುವಿನ ಸಂದಿಗೆ ಕೈಹಾಕಿ ನೋಡಿ, "ಮೊಮ್ಮಗನ ಮನಸ್ಸಿಗೆ ಬಂದೈತಿ, ನೀವು ಸುಮ್ನಿರ್ರಿ" ಅಂದಳು. ನಿನಗೆ ಕೇಳಿಸಲಿಲ್ಲ.

ಹಿಂದೆ ಕೂರುವ ತ್ರಾಸು ಬಹಳ ದಿನ ಇರುವುದಿಲ್ಲ. ಮೊನ್ನೆ ಡಾಕ್ಟರರು ನನ್ನೊಬ್ಬನನ್ನೇ ಒಳಗೆ ಕರೆದು, "ಯಜಮಾನ್ರ, ದೀಪಾವಳಿ ದಾಟೂದು ಕಷ್ಟ ಐತಿ" ಅಂದರು. ಅವಳಿಗೆ ಹೇಳಿಲ್ಲ. ಓದಿದ ಮೇಲೆ ಈ ಚೀಟಿ ಒಲೆಗೆ ಹಾಕು.

ಅಜ್ಜ