ತಮ್ಮನ ಮಗನ ಕಾಲಿಗೆ ಒಜೊ ದಾರ

ಡಿಸೆಂಬರ್ ೨೮, ನಮ್ಮೂರ ಎಕೆ ಸಂತೆಯ ದಿನ.

ಇವತ್ತು ತಮ್ಮನ ಮಗ ಚಿಜಿಂದುವಿನ ಕಾಲಿಗೆ ಊರಿನ ಗೌರವಸ್ಥರಿಗೆ ಕೊಡುವ ಒಜೊ ಪದವಿಯ ದಾರವನ್ನು ನಾನೇ ಕಟ್ಟಿದೆ. ಕಟ್ಟಬಾರದಿತ್ತು.

ನಮ್ಮ ಕಾಲದಲ್ಲಿ ಪದವಿಗೆ ಮೊದಲು, ಯಾರಿಗೆಲ್ಲ ಅನ್ಯಾಯ ಮಾಡಿದ್ದೆವೋ ಅವರ ಬಾಗಿಲಿಗೆ ಹೋಗಿ ತಪ್ಪೊಪ್ಪಿಕೊಳ್ಳಬೇಕಿತ್ತು. ನಾನು ಹನ್ನೊಂದು ಬಾಗಿಲು ತಟ್ಟಿದ್ದೆ. ಒಬ್ಬ ಮುಖಕ್ಕೆ ಉಗಿದಿದ್ದ. ಈಗ ಶಾಮಿಯಾನ, ಮೈಕು, ಒಂದೇ ಮಧ್ಯಾಹ್ನಕ್ಕೆ ಎಲ್ಲ ಮುಗಿಯುತ್ತದೆ.

ಬೆಳಿಗ್ಗೆ ಚಿಜಿಂದುವಿಗೆ ಹೇಳಿದೆ, "ವಿಧವೆ ಉಗೊಯೆಯ ಗೆಣಸಿನ ಹೊಲದೊಳಗೆ ಗೋಡೆ ಎಬ್ಬಿಸಿದ್ದೀಯ. ಮೊದ್ಲು ಅವಳ ಹತ್ರ ಹೋಗು."

"ದೊಡ್ಡಪ್ಪ, ಅದನ್ನೆಲ್ಲ ಈಗ ಯಾರು ಮಾಡ್ತಾರೆ? ಪಾದ್ರಿಗಳು ಪ್ರಾರ್ಥನೆ ಮಾಡಿದ್ರಲ್ಲ, ಸಾಕು."

ಉಳಿದ ಹಿರಿಯರು ನಕ್ಕರು. "ನಿನ್ನ ಕೈಲಾಗದಿದ್ರೆ ಬಿಡು ಮಾರಾಯ, ನಾವು ಕಟ್ತೀವಿ" ಅಂದರು. ಕಟ್ಟದಿದ್ದರೆ ಹಿರಿಯರ ಮುಂದಿನ ಸಾಲಿನ ನನ್ನ ಪೀಠ ಇನ್ನೊಬ್ಬರ ಪಾಲಾಗುತ್ತದೆ ಅನ್ನಿಸಿತು. ಅಷ್ಟಕ್ಕೇ ಬಗ್ಗಿ ಕಟ್ಟಿಬಿಟ್ಟೆ.

ಬಂದವರಿಗೆ ಮರ್ಯಾದೆಯ ಕೋಲಾ ಬೀಜ ಹಂಚುವಾಗ ಉಗೊಯೆ ಬಂದಳು. ಕೂಗಾಡಲಿಲ್ಲ, ಅವನ ಕಡೆ ನೋಡಲೂ ಇಲ್ಲ. ನೇರ ನನ್ನ ಮುಂದೆ ನಿಂತಳು.

"ಅಣ್ಣಾ, ಗೋಡೆ ಎದ್ದಾಗ ನಾನು ಅಳ್ಲಿಲ್ಲ. ಪದವಿ ಬೇಕಾದಾಗ ನನ್ನ ಬಾಗಿಲಿಗೆ ಬರ್ಲೇಬೇಕಲ್ಲ ಅಂತ ಎರಡು ವರ್ಷ ಕಾದೆ. ಇನ್ನು ಯಾವತ್ತಿಗೆ ಕಾಯ್ಲಿ?"

"ನಾಳೆ ಕರ್ಕೊಂಡು ಬರ್ತೀನಿ ಕಣಮ್ಮ" ಅಂದೆ.

ಒಜೊ ಪದವಿಯವನು ಸುಳ್ಳಾಡಬಾರದು. ನಾಳೆ ಬೆಳಕು ಹರಿಯುವ ಮೊದಲೇ ಚಿಜಿಂದು ಲಾಗೋಸಿಗೆ ಹೊರಡುತ್ತಾನೆ. ಅದು ನನಗೆ ಗೊತ್ತಿತ್ತು. ಅವಳು ನಂಬಿ ಹೋದಳು.