ಹನ್ನೊಂದನೇ ತಾರೀಖು ಬಂದ ಒಂಬತ್ತನೇ ತಾರೀಖಿನ ಟಿಕೆಟ್ಟು

ಬಾಮ್‌ಗೊಲ್
೨೦ ನವೆಂಬರ್ ೨೦೧೯, ಬುಧವಾರ

ಪ್ರೀತಿಯ ಸೋದರಳಿಯ ಗ್ಯೂತೆಗೆ,

ದೇಶಕ್ಕೆಲ್ಲ ಹೆಸರಾದ ಹಾಡುಗಾರ ಪ್ಯೊ ಗಾಂಗ್‌ಸಾನ್ ಇದ್ದಾನಲ್ಲ, ಅವನಿಗೆ ದನಿ ಬಳುಕಿಸುವುದನ್ನು ಕಲಿಸಿದವನು ನಿನ್ನ ಈ ಮಾವ. ಇಪ್ಪತ್ತು ವರ್ಷದ ಕೆಳಗೆ ಅವನ ಬಸ್ಸು ನಮ್ಮ ಏರಿನಲ್ಲಿ ಕೆಟ್ಟು ನಿಂತಿತ್ತು. ಬೆಳ್ಳುಳ್ಳಿ ಹೊಲದಲ್ಲಿ ನಾನು ಹಾಡುತ್ತಿದ್ದುದನ್ನು ಕೇಳಿ ಬೂಟು ಬಿಚ್ಚಿ ಕೆಸರಿಗಿಳಿದು ಬಂದು ಕಾಲಿಗೆ ಬಿದ್ದ. ಊರಲ್ಲಿ ಯಾರೂ ನಂಬುವುದಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಮಾತಿಗೆ ಎಲ್ಲರೂ ಸಾಕ್ಷಿ ಕೇಳುತ್ತಾರೆ. ನೀನಾದರೂ ನಂಬು. ಈ ಕಾಗದದಲ್ಲಿ ನಾನು ಹೇಳುವ ಸುಳ್ಳು ಅದೊಂದೇ.

ಹೇಗಿದ್ದೀಯ? ಹಡಗುಕಟ್ಟೆಯಲ್ಲಿ ಬೆಸುಗೆಯ ಕಿಡಿ ನೋಡಿ ನೋಡಿ ಕಣ್ಣು ಉರಿಯುತ್ತದೆ ಎನ್ನುತ್ತಿದ್ದೆ, ಈಗ ವಾಸಿಯೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಇಲ್ಲಿ ನಾವೆಲ್ಲ ಇದ್ದೇವೆ. ಒಣಗಲೆಂದು ಮುನ್ನೂರು ಪರ್ಸಿಮನ್ ಹಣ್ಣು ಸುಲಿದು ಸೂರಿಗೆ ಕಟ್ಟಿದ್ದೇನೆ. ನಿನ್ನವ್ವ ಎಣಿಸಿ ನೂರಿಪ್ಪತ್ತು ಎಂದಳು. ಅವಳಿಗೆ ಮೊದಲಿನಿಂದಲೂ ನನ್ನ ಲೆಕ್ಕದ ಮೇಲೆ ಅನುಮಾನ. ಅವಳ ಮಂಡಿನೋವು ಹಾಗೇ ಇದೆ. ನೀನು ಕೇಳಲಿಲ್ಲ, ಆದರೂ ಬರೆದಿದ್ದೇನೆ.

ನಮ್ಮ ಸಮುದಾಯ ಭವನದ ಅಜ್ಜಿಯರನ್ನು ನೀನು ಬಲ್ಲೆ. ಚಳಿ ಬಿತ್ತೆಂದರೆ ಬೆಳಗಿನಿಂದ ಸಂಜೆಯ ತನಕ ಬಿಸಿ ನೆಲದ ಮೇಲೆ ಕೂತು ಇಸ್ಪೀಟು ಹಾಕುತ್ತಾರೆ, ಜೊತೆಗೆ ಮಕ್ಕಳ ಪ್ರತಾಪ ಹೇಳಿಕೊಳ್ಳುತ್ತಾರೆ. ಈ ಸಲ ದೇಗುವಿನಲ್ಲಿ ಪ್ಯೊ ಗಾಂಗ್‌ಸಾನನ ಕಛೇರಿ ಗೊತ್ತಾಗಿತ್ತು. ಈಗ ಅಪ್ಪ ಅವ್ವನಿಗೆ ಇಂಥ ಟಿಕೆಟ್ಟು ಹಿಡಿದುಕೊಟ್ಟವನೇ ಮಗ, ಉಳಿದವರೆಲ್ಲ ಹೆಸರಿಗೆ. ಮಾರಾಟ ಶುರುವಾದ ಐದು ನಿಮಿಷಕ್ಕೆ ಎಲ್ಲ ಮುಗಿಯುತ್ತದಂತೆ, ಅದಕ್ಕೇ ಮಕ್ಕಳು ಕಂಪ್ಯೂಟರಿನ ಮುಂದೆ ಕುಸ್ತಿಗೆ ಬಿದ್ದವರಂತೆ ಕೂರುತ್ತಾರೆ. ಸಾಂಗ್‌ಚುಲ್‌ನ ಅವ್ವ ಹೇಳಿದ್ದೇ ಹೇಳಿದ್ದು: "ನಮ್ಮ ಹುಡ್ಗ ಎರಡನೇ ಸಾಲಲ್ಲೇ ಕೊಡ್ಸವ್ನೆ ಕಣ್ರೇ. ಹಾಡೋನ ಬೆವರು ನಮ್ಮ ಮಕಕ್ಕೇ ಸಿಡೀತದಂತೆ." ಆಮೇಲೆ ನಿನ್ನವ್ವನ ಕಡೆ ತಿರುಗಿ, "ಗ್ಯೂತೆಯವ್ವ, ಹಡಗೇ ಕಟ್ಟೋ ಮಗ ಒಂದು ಟಿಕೆಟ್ಟು ಕೊಡ್ಸಲಿಲ್ವ?" ಎಂದಳು. ನಿನ್ನವ್ವ ತಲೆ ಎತ್ತಲಿಲ್ಲ. "ಅವನಿಗೆ ಪುರುಸೊತ್ತಿಲ್ಲ" ಎಂದು ಎಲೆ ಎಸೆದಳು. ತಪ್ಪು ಎಲೆ. ಆ ಆಟ ಸೋತಳು.

ಹೋದ ವರ್ಷ ಛುಸೊಕ್ ಹಬ್ಬದಲ್ಲಿ ಅವಳು ನಿನ್ನ ಮದುವೆಯ ಮಾತು ತೆಗೆದದ್ದು, ನೀನು ಬಟ್ಟಲು ಸರಿಸಿ ಎದ್ದುಹೋದದ್ದು, ಅಲ್ಲಿಂದ ಹದಿನಾಲ್ಕು ತಿಂಗಳು ಒಂದು ಫೋನೂ ಇಲ್ಲದ್ದು, ಇದೆಲ್ಲ ನಮ್ಮ ಮೂವರಿಗೆ ಮಾತ್ರ ಗೊತ್ತು. ಈ ವರ್ಷದ ಹಬ್ಬಕ್ಕೆ ನೀನು ಬರದಿದ್ದಾಗ, ಕಾರ್ಖಾನೆಯಲ್ಲಿ ರಜೆ ಕೊಡಲಿಲ್ಲವಂತೆ ಎಂದು ನಾನೇ ಸಾರಿದೆ. ಆದರೆ ಅವತ್ತು ಆ ಎಲೆ ಬಿದ್ದ ರೀತಿ ನನಗೆ ತಡೆಯಲಾಗಲಿಲ್ಲ. ಸಿಯೋಲ್‌ನ ಟಿಕೆಟ್ ಕಂಪನಿಗೆ ಫೋನ್ ಮಾಡಿದೆ. ಯಾರೋ ವಾಪಸು ಮಾಡಿದ ಎರಡು ಸೀಟು ಹಿಂದಿನ ಸಾಲಿನಲ್ಲಿ ಸಿಕ್ಕವು. ಬ್ಯಾಂಕಿಗೆ ಹೋಗಿ ದುಡ್ಡು ಕಟ್ಟಿ ಬಂದೆ. ಪಡೆಯುವವರ ಹೆಸರು ಯಾವುದು ಎಂದು ಕೇಳಿದರೆ ನಿನ್ನ ಹೆಸರು ಹೇಳಿದೆ, ವಿಳಾಸ ಮಾತ್ರ ನಿನ್ನವ್ವನ ಮನೆಯದು. ಕವರಿನ ಮೇಲೆ ನಿನ್ನ ಹೆಸರು ಕಂಡರೆ ಸಾಕು, ಅವಳು ಅದನ್ನು ಹಿಡಿದು ಭವನದ ಬಾಗಿಲಲ್ಲಿ ನಿಂತಾಳು ಎಂಬ ಆಸೆ. ಮೊದಲೇ ಅವಳ ಕಿವಿಯಲ್ಲಿ, "ಅಕ್ಕ, ನಿನ್ನ ಮಗ ಟಿಕೆಟ್ಟು ತಗಂಡವ್ನೆ, ಟಪಾಲಲ್ಲಿ ಬರ್ತದೆ, ಯಾರಿಗೂ ಹೇಳಬ್ಯಾಡ" ಎಂದೂ ಹೇಳಿದೆ. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗಿತ್ತು.

ನನ್ನ ಬುದ್ಧಿ ಎಡವಿದ್ದು ಅಂಚೆಯ ಹ್ವಾಂಗ್‌ನ ಹತ್ತಿರ. ಪಟ್ಟಣದ ಅಂಚೆಯವನಾಗಿದ್ದರೆ ಬರೆದ ವಿಳಾಸಕ್ಕೆ ಕೊಟ್ಟು ಹೋಗುತ್ತಿದ್ದ. ಇವನು ಮೂವತ್ತು ವರ್ಷದಿಂದ ಇಲ್ಲಿ ತಿರುಗುವವನು, ಯಾರ ಮನೆಯ ನಾಯಿ ಯಾವಾಗ ಮರಿ ಹಾಕಿತು ಎಂಬುದೂ ಗೊತ್ತು. "ಗ್ಯೂತೆ ಇಲ್ಲೆಲ್ಲವ್ನೆ, ಉಲ್ಸಾನ್ ಹಡಗುಕಟ್ಟೇಲಿ ಅವ್ನೆ. ಪಾಪ, ಅವನ ಟಿಕೆಟ್ಟು ಇಲ್ಲಿ ಕೊಳೆಯೋದು ಬ್ಯಾಡ" ಎಂದುಕೊಂಡು ತಾನೇ ನಿನ್ನ ವಿಳಾಸ ಬರೆದು ಮುಂದಕ್ಕೆ ಕಳಿಸಿದ. ವಿಳಾಸ ಅವನಿಗೆ ಬಾಯಿಪಾಠ. ಫೋನ್ ಮಾಡದ ಮಗನಿಗೂ ನಿನ್ನವ್ವ ತಪ್ಪದೆ ಎಳ್ಳೆಣ್ಣೆ, ಮೆಣಸಿನಪುಡಿ ಕಳಿಸುತ್ತಾಳಲ್ಲ, ಆ ಡಬ್ಬಗಳೆಲ್ಲ ಅವನ ಕೈಯಿಂದಲೇ ಹೋಗುವುದು.

ಒಂಬತ್ತನೇ ತಾರೀಖು ಶನಿವಾರ, ಕಛೇರಿಯ ದಿನ. ನಿನ್ನವ್ವ ಹಿಂದಿನ ದಿನವೇ ಕೂದಲು ಗುಂಗುರು ಮಾಡಿಸಿಕೊಂಡು ಬಂದಿದ್ದಳು. ನೇರಳೆ ಕೋಟು ಹಾಕಿಕೊಂಡು, ಬುಟ್ಟಿಯಲ್ಲಿ ಅನ್ನದ ಸುರುಳಿ ಇಟ್ಟುಕೊಂಡು ಭವನದ ಜಗುಲಿಯಲ್ಲಿ ಕೂತಳು. ಶನಿವಾರ ಅಂಚೆಗೆ ರಜೆ, ಹ್ವಾಂಗ್ ಅವತ್ತು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬಾಡಿಗೆ ಬಸ್ಸು ಬಂತು. ಹಾಡಿಗೆ ಬೀಸುವ ಮಿಣುಕು ದೀಪದ ಕೋಲು ಹಿಡಿದು ಮುದುಕಿಯರೆಲ್ಲ ಹತ್ತಿದರು. "ಬಾರೇ ಗ್ಯೂತೆಯವ್ವ, ಬಾಗಿಲಲ್ಲಿ ಕಾಡಿ ಬೇಡಿ ನುಗ್ಗಿಸ್ತೀವಿ" ಎಂದು ಸಾಂಗ್‌ಚುಲ್‌ನ ಅವ್ವನೇ ಕರೆದಳು. ಅವಳು ಕೆಟ್ಟವಳಲ್ಲ, ಬಾಯಿ ಮಾತ್ರ ದೊಡ್ಡದು. ನಿನ್ನವ್ವ "ನನ್ನ ಟಿಕೆಟ್ಟು ಬರ್ತಾ ಐತೆ" ಎಂದು ಬಸ್ಸಿಗೆ ಕೈ ಬೀಸಿದಳು. ಆ ಅನ್ನದ ಸುರುಳಿಯನ್ನು ನಾವಿಬ್ಬರೂ ಅಲ್ಲೇ ಕೂತು ತಿಂದೆವು.

ಹನ್ನೊಂದನೇ ತಾರೀಖು ಸೋಮವಾರ ಲಕೋಟೆ ಬಂತು, ನಿನ್ನ ಕೈಬರಹದಲ್ಲಿ. ಒಳಗೆ ಎರಡು ಟಿಕೆಟ್ಟು. ಅವಳು ಲಕೋಟೆಯನ್ನು ತಲೆಕೆಳಗು ಮಾಡಿ ಕೊಡವಿದಳು, ಒಳಗೆ ಬೆರಳು ಹಾಕಿ ತಡಕಿದಳು, ಬೆಳಕಿಗೆ ಹಿಡಿದಳು. ಒಂದು ಚೂರು ಚೀಟಿಯೂ ಇರಲಿಲ್ಲ.

ಕಂಪನಿಗೆ ಬೆಂಕಿ ಹಚ್ಚುತ್ತೇನೆ ಎಂದು ಮನೆಗೆ ಹೋಗಿ ಫೋನ್ ಮಾಡಿದೆ. ಒಬ್ಬ ಹುಡುಗಿ ಎತ್ತಿಕೊಂಡಳು. ನನ್ನ ಬೈಗುಳವೆಲ್ಲ ತೀರಿದ ಮೇಲೆ ದಾಖಲೆ ತೆಗೆದು ಓದಿದಳು: "ಇಪ್ಪತ್ತೊಂಬತ್ತಕ್ಕೆ ನಿಮ್ಮೂರಿಗೆ ಬಂದಿದೆ ತಾತ. ಅಲ್ಲಿಂದ ಉಲ್ಸಾನ್‌ಗೆ ಹೋಗಿದೆ. ಒಂದನೇ ತಾರೀಖು ಮಧ್ಯಾಹ್ನ ಎರಡು ನಲವತ್ತಕ್ಕೆ ಅವರೇ ಸಹಿ ಹಾಕಿ ತಗೊಂಡಿದ್ದಾರೆ." ಲಕೋಟೆಯ ಮೇಲಿನ ಮುದ್ರೆ ನೋಡಿದೆ. ಎಂಟನೇ ತಾರೀಖು.

ಏಳು ದಿನ, ಗ್ಯೂತೆ. ಒಂದೇ ದಿನದಲ್ಲಿ ಕಳಿಸಿದ್ದರೆ ಅವಳು ಆ ಬಸ್ಸಿನಲ್ಲಿರುತ್ತಿದ್ದಳು. ನಿನ್ನ ಪರವಾಗಿ ನಾನೇ ವಕಾಲತ್ತು ಮಾಡಿ ನೋಡಿದೆ. ಕೆಲಸ ಹೆಚ್ಚಿತ್ತೇನೋ, ಅವ್ವ ಚುಚ್ಚಲಿಕ್ಕೆಂದೇ ಕಳಿಸಿದಳು ಎಂದುಕೊಂಡೆಯೇನೋ, ಮೇಜಿನ ಮೇಲಿಟ್ಟು ನೋಡುತ್ತ ಕೂತೆಯೇನೋ. ಯಾವುದೂ ನಿಲ್ಲಲಿಲ್ಲ. ಟಿಕೆಟ್ಟಿನ ಮೇಲೆ ತಾರೀಖು ಅಚ್ಚಾಗಿತ್ತು. ಓದಲು ಬಾರದವನಿಗೂ ಅಂಕಿ ತಿಳಿಯುತ್ತದೆ. ಹೊಟ್ಟೆಯಲ್ಲಿ ಕರುಳು ಒಡೆದಾಗ ಏಳು ವರ್ಷದ ನಿನ್ನನ್ನು ಹಿಮದಲ್ಲಿ ಬೆನ್ನ ಮೇಲೆ ಹೊತ್ತು ಆಸ್ಪತ್ರೆಗೆ ಓಡಿದವನು ನಾನು. ಅದನ್ನು ಇವತ್ತಿನವರೆಗೆ ಒಮ್ಮೆಯೂ ಎತ್ತಿ ಆಡಿಲ್ಲ, ಬಾಕಿ ಎಲ್ಲದರಲ್ಲೂ ಜಂಬ ಕೊಚ್ಚಿದ್ದೇನೆ. ಇವತ್ತು ಆಡಿದ್ದೇನೆ. ನೀನು ನನ್ನ ಬಾಯಿಂದ ಇದನ್ನು ಆಡಿಸಿದೆ.

ಮುಂದೆ ನಾನು ಮಾಡಿದ್ದು ಕೇಳು. ಮಾರನೆಯ ದಿನ ಭವನಕ್ಕೆ ಹೋಗಿ, ಕಂಪನಿಯವರು ಗ್ಯೂತೆಗೇ ತಡವಾಗಿ ಕಳಿಸಿದರು, ಬುಕಿಂಗ್ ಶುಲ್ಕವನ್ನಾದರೂ ಕಕ್ಕಿಸದೆ ಬಿಡುವುದಿಲ್ಲ ಎಂದು ಶಪಥ ಮಾಡಿದೆ. ಎಲ್ಲರ ಎದುರು ಹತ್ತು ಸಲ ಫೋನ್ ಮಾಡಿದೆ. ನಾನು ಇಲ್ಲಿಂದ ಗುಡುಗುತ್ತಿದ್ದರೆ ಅದೇ ಹುಡುಗಿ ಅಲ್ಲಿಂದ ಮೆಲ್ಲಗೆ, "ತಾತ, ಅಳಿಯನ ಹತ್ರ ಒಂದ್ಸಲ ಮಾತಾಡಿದ್ರಾ?" ಎನ್ನುತ್ತಿದ್ದಳು. ನಾನು ಕೇಳದವನಂತೆ "ನಾಚಿಕೆಯಾಗಬೇಕು ನಿಮಗೆ" ಎಂದು ಕೂಗುತ್ತಿದ್ದೆ. ಏನೂ ತಪ್ಪಿಲ್ಲದ ಕೂಸು, ನಿನ್ನ ಪಾಲಿನ ಬೈಗುಳವನ್ನೆಲ್ಲ ಅದು ತಿಂದಿತು. ಕೊನೆಗೆ ಅಂಚೆಯಲ್ಲಿ ಸುತ್ತು ಬಿದ್ದದ್ದು ನಿಜ ಎಂದು ಅವರ ಮೇಲಿನವರು ಶುಲ್ಕ ವಾಪಸು ಕೊಟ್ಟರು. ಊರಿನ ಮುಖಂಡ ಧ್ವನಿವರ್ಧಕದಲ್ಲಿ, ಮೆಣಸಿನ ಬೀಜ ಹಂಚುವ ಸುದ್ದಿಯ ಮಧ್ಯೆ, "ನಮ್ಮ ಮಾನ್‌ಸೊಪ್ಪಣ್ಣ ಸಿಯೋಲ್ ಕಂಪನಿಯನ್ನ ಮಣಿಸವ್ನೆ" ಎಂದು ಸಾರಿದ. ನನಗೆ ಗೆದ್ದಂತೆ ಅನಿಸಲಿಲ್ಲ. ಹ್ವಾಂಗ್‌ಗೆ ಎರಡು ಬಾಟಲಿ ಅಕ್ಕಿಯ ಕಳ್ಳು ಕುಡಿಸಿ ಬಾಯಿ ಕಟ್ಟಿದ್ದೇನೆ.

ಮೂವತ್ತನೇ ತಾರೀಖು ಚಳಿಗಾಲದ ಕಿಮ್‌ಚಿ ಹಾಕುತ್ತೇವೆ, ಎಂಬತ್ತು ಕೋಸು. ಉಪ್ಪು ನೀರಿನ ತೊಟ್ಟಿ ಎತ್ತುವವರಿಲ್ಲ. ನನ್ನ ಸೊಂಟ ಉಕ್ಕಿನದು, ಆದರೂ ಹೇಳಿದೆ. ಚಳಿಗೆ ಬೆಚ್ಚಗಿರು. ನಿನ್ನ ಕೈಗೆ ಸುಟ್ಟಗಾಯವಾಗದಿರಲಿ, ಕೆಲಸ ನಿಲ್ಲದಿರಲಿ. ಇಷ್ಟೆಲ್ಲ ಸಿಟ್ಟಿದ್ದರೂ ಇದನ್ನು ಮನಸ್ಸಿನಿಂದಲೇ ಹರಸಿದ್ದೇನೆ.

ನಿನ್ನ ಸೋದರಮಾವ,
ಮಾನ್‌ಸೊಪ್

ಮರೆತಿದ್ದೆ, ಹ್ವಾಂಗ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ನಿನ್ನವ್ವ ಆ ಲಕೋಟೆಯನ್ನು ನಿನ್ನ ಶಾಲೆಯ ಪ್ರಶಸ್ತಿಪತ್ರಗಳ ಜೊತೆ ಇಟ್ಟಿದ್ದಾಳೆ. "ತಡ ಆದ್ರೇನು, ನನ್ನ ಮಗ ಕೈಯಾರೆ ವಿಳಾಸ ಬರ್ದು ಕಳ್ಸವ್ನೆ" ಎಂದು ಸಾಂಗ್‌ಚುಲ್‌ನ ಅವ್ವನಿಗೆ ತೋರಿಸಿಯೂ ಆಯಿತು. ಈಗ ನಿನಗೆ ನಷ್ಟವಾಯಿತೆಂದು ದುಡ್ಡು ಕೂಡಿಸುತ್ತಿದ್ದಾಳೆ, ಭಾನುವಾರ ತಾನೇ ನಿನಗೆ ಫೋನ್ ಮಾಡಿ ಎಷ್ಟಾಯಿತು ಎಂದು ಕೇಳುತ್ತಾಳಂತೆ. ಟಿಕೆಟ್ಟಿನ ಬೆಲೆ ಅದರ ಮೇಲೇ ಇದೆ. ಆದರೆ ಶುಲ್ಕವೂ ಅಂಚೆ ಖರ್ಚೂ ಅಚ್ಚಾಗಿರುವುದಿಲ್ಲ, ಅದು ಕೊಂಡವನಿಗೆ ಮಾತ್ರ ಗೊತ್ತು. ತಡವರಿಸಿದೆಯೋ ಅವಳಿಗೆ ತಿಳಿದುಹೋಗುತ್ತದೆ. ಬಾಯಿಪಾಠ ಮಾಡಿಕೋ: ಟಿಕೆಟ್ಟು ತಲಾ ಒಂದು ಲಕ್ಷ ಇಪ್ಪತ್ತೊಂದು ಸಾವಿರ, ಶುಲ್ಕ ತಲಾ ಎರಡು ಸಾವಿರ, ಅಂಚೆ ಮೂರು ಸಾವಿರದ ಇನ್ನೂರು. ಶುಲ್ಕದ ನಾಲ್ಕು ಸಾವಿರ ವಾಪಸು ಬಂತು. ಮನಸ್ಸಿನ ನೋವೂ ಸೇರಿ ಹತ್ತು ಲಕ್ಷ ಹೋಯಿತು ಎಂದು ನಾನು ಊರಿಗೆಲ್ಲ ಹೇಳಿದ್ದೇನೆ, ಅದನ್ನು ನಂಬಬೇಡ. ಹೋದದ್ದು ಎರಡು ಲಕ್ಷ ನಲವತ್ತೈದು ಸಾವಿರದ ಇನ್ನೂರು ವಾನ್.